ಸಿದ್ಧ ಯಂತ್ರವೋ, ಜೋಡಿಸಿದ ಯಂತ್ರವೋ?

ವಿಜಯಪುರದಿಂದ ಪಶ್ಚಿಮಕ್ಕೆ ತೊರವಿಯ ದಾರಿ ಹಿಡಿದು ಮುಂದೆ ಸಾಗಿದವರಿಗೆ, ತಿಕೋಟಾ ಸೀಮೆ ಸಮೀಪಿಸಿದಂತೆ ದ್ರಾಕ್ಷಿಯ ತೋಟಗಳು ಕಣ್ಣಿಗೆ ಬೀಳತೊಡಗುತ್ತವೆ. ಚಳಿ ಹಿಂದಾಗಿ ಬಿಸಿಲು ಬಲಿಯುವ ಹೊತ್ತಿಗೆ ತೋಟಗಳ ಮಗ್ಗುಲಲ್ಲಿರುವ ಎತ್ತರದ ಶೆಡ್ಡುಗಳಿಗೆ ಜೀವ ಬರುತ್ತದೆ. ಒಂದರ ಮೇಲೊಂದರಂತೆ ಬಿಗಿದ ಬಲೆಗಳ ಮೇಲೆ ಹಣ್ಣನ್ನು ಹರವಿ, ನೆರಳಿನಲ್ಲಿಯೇ ಗಾಳಿಗೆ ಒಣಗಿಸಿ, ಎರಡು ಮೂರು ವಾರಗಳಲ್ಲಿ ಒಣದ್ರಾಕ್ಷಿ ಮಾಡುತ್ತಾರೆ. ಮಾಲು ಮಾರಿ, ಔಷಧಿಯಂಗಡಿಯ ಉದ್ದರಿ ತೀರಿಸಿ, ಬ್ಯಾಂಕಿನ ಕಂತು ಕಟ್ಟಿ, ಕೂಲಿಯವರ ಲೆಕ್ಕ ಹರಿದ ಮೇಲೆ ಮನೆಯಲ್ಲಿ ಉಳಿಯುವ ಹಣ ಎಷ್ಟೆಂಬುದು ಮನೆಯ ಯಜಮಾನನಿಗೂ ಯಜಮಾನಿತಿಗೂ ಮಾತ್ರ ಗೊತ್ತು. ಆದರೆ ಆ ಹಣ ಇದೆಯೆಂಬುದು ಮಾತ್ರ ಮನೆಯ ಮಕ್ಕಳಿಗೆಲ್ಲ ಗೊತ್ತು!

ಇಂಥ ಒಂದು ಮನೆಯನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲಿ. ಮನೆ ಕಲ್ಪಿತವಾದದ್ದು, ಅಲ್ಲಿ ನಡೆಯುವ ಚರ್ಚೆ ಮಾತ್ರ ವಿಜಯಪುರದ ಗಲ್ಲಿಗಲ್ಲಿಯಲ್ಲಿಯೂ ಕೇಳಿಬರುವಂಥದು. ಹಿರಿಯ ಮಗ ಪಿ. ಯು. ಸಿ. ಮುಗಿಸಿದ್ದಾನೆ, ಜುಲೈ-ಆಗಸ್ಟಿನಲ್ಲಿ ನಗರದ ಇಂಜಿನಿಯರಿಂಗ್ ಕಾಲೇಜಿಗೆ ಸೇರುವವನು. ಅವನಿಗೆ ಒಂದು ಕಂಪ್ಯೂಟರು ಬೇಕು. ಬರಿಯ ಕಂಪ್ಯೂಟರಲ್ಲ, ಆಟದ ಕಂಪ್ಯೂಟರು. ತಂದೆ ಒಂದು ಲಕ್ಷ ರೂಪಾಯಿಯವರೆಗೆ ಕೊಡಲು ಒಪ್ಪಿದ್ದಾರೆ. ಅಲ್ಲಿಗೆ ಸಮಸ್ಯೆ ಮುಗಿಯಬೇಕಾಗಿತ್ತು. ನಿಜವಾಗಿ ಅದು ಪ್ರಾರಂಭವಾದದ್ದೇ ಅಲ್ಲಿಂದ.

“ಕಂಪನಿಯದ ತೊಗೊ. ಸೀಲ್ ಒಡದು, ವೈರ್ ಚುಚ್ಚಿದರ ಮುಗೀತು,” ಎಂದು ತಂದೆಯ ಮತ. ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ತಂದು, ತಾನೇ ಕೂತು ಜೋಡಿಸುವೆನೆಂದು ಮಗನ ಹಟ. ಅದೇ ಹಣಕ್ಕೆ ಇಮ್ಮಡಿ ಶಕ್ತಿ ಬರುತ್ತದೆಂದು ಅವನು ಎಲ್ಲಿಯೋ ಕೇಳಿದ್ದಾನೆ. ತಾಯಿಯದು ಮೂರನೆಯ ಪಕ್ಷ: “ಆಟಕ್ಕ ಲಕ್ಷ ರೂಪಾಯಿ ಯಾಕ ಬೇಕು?” ಈ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದುದರಿಂದ, ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವಂತೆ, ಅದನ್ನು ಕೊನೆಗೆ ಸರಿಸಲಾಯಿತು.

ವಿವಾದ ಹೊಸದೇನಲ್ಲ. ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಕಂಪ್ಯೂಟರಿನಷ್ಟೇ ಹಳೆಯದು. 1975ರ ಜನವರಿಯಲ್ಲಿ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಎಂಬ ಅಮೆರಿಕದ ಪತ್ರಿಕೆಯ ಮುಖಪುಟವನ್ನೇರಿದ ‘ಆಲ್ಟೇರ್ 8800’ ಯಂತ್ರವನ್ನು ಎರಡು ಬಗೆಯಾಗಿ ಮಾರಿದರು: ಜೋಡಿಸಿದ್ದಕ್ಕೆ ಒಂದು ಬೆಲೆ, ಬಿಡಿಬಿಡಿಯಾಗಿ ಅಂಚೆಯಲ್ಲಿ ಬರುವುದಕ್ಕೆ ಅದಕ್ಕಿಂತ ಕಡಿಮೆ ಬೆಲೆ. ಮುಂದಿನ ವರ್ಷದ ‘ಆಪಲ್-1’ ಜೋಡಿಸಿದ ಹಲಗೆಯಾಗಿ ಬಂತೇ ಹೊರತು ಅದಕ್ಕೆ ಪೆಟ್ಟಿಗೆಯೂ ಇರಲಿಲ್ಲ, ಕೀಲಿಮಣೆಯೂ ಇರಲಿಲ್ಲ, ಕೊಂಡವನೇ ಒದಗಿಸಿಕೊಳ್ಳಬೇಕು. 1981ರ ಆಗಸ್ಟಿನಲ್ಲಿ ಐ.ಬಿ.ಎಂ. ಕಂಪನಿ ತನ್ನ ಪುಟ್ಟ ಗಣಕವನ್ನು ಹೊರತಂದಾಗ, ಅವಸರಕ್ಕಾಗಿ ಅದರ ಭಾಗಗಳನ್ನು ಬೇರೆ ಬೇರೆ ಕಂಪನಿಗಳಿಂದ ಕೊಂಡು ಜೋಡಿಸಿತು. ಅದರ ಫಲವಾಗಿ ಇತರರೂ ಅಂಥದೇ ಯಂತ್ರಗಳನ್ನು ಕಟ್ಟತೊಡಗಿದರು. ಒಬ್ಬರ ಭಾಗ ಇನ್ನೊಬ್ಬರ ಯಂತ್ರಕ್ಕೆ ಹೊಂದುವ ಪದ್ಧತಿ ಬೆಳೆಯಿತು. 1995ರಲ್ಲಿ ಇಂಟೆಲ್ ಕಂಪನಿ ‘ಎ.ಟಿ.ಎಕ್ಸ್.’ ಎಂಬ ಅಳತೆಯನ್ನು ನಿಗದಿಮಾಡಿದ ಮೇಲಂತೂ ಪೆಟ್ಟಿಗೆಯ ತಿರುಪು ಎಲ್ಲಿ ಬರಬೇಕು, ವಿದ್ಯುತ್ತಿನ ತಂತಿ ಎಲ್ಲಿ ಸೇರಬೇಕು ಎಂಬುದೆಲ್ಲ ಏಕರೂಪವಾಯಿತು. ತಿಕೋಟಾದ ಹುಡುಗನೊಬ್ಬ ಸ್ಕ್ರೂಡ್ರೈವರನ್ನು ಹಿಡಿದು ಕಂಪ್ಯೂಟರು ಕಟ್ಟುವೆನೆಂದು ಧೈರ್ಯದಿಂದ ಹೇಳುವುದು ಆ ಏಕರೂಪತೆಯ ಬಲದಿಂದಲೇ.

ವಿಜಯಪುರಕ್ಕಂತೂ ಎರಡೂ ದಾರಿ ಪರಿಚಿತವಾದವೇ. ಕೋಟೆಯ ಬುರುಜಿನ ಮೇಲೆ ಕುಳಿತ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹಮದ್‌ನಗರದಲ್ಲಿ ಎರಕಗೊಂಡು, ಮುಂದಿನ ಶತಮಾನದಲ್ಲಿ ಈ ಊರಿಗೆ ಎಳೆದು ತಂದ ಸಿದ್ಧವಸ್ತು. 1656ರಲ್ಲಿ ಮುಗಿದ ಗೋಳಗುಮ್ಮಟವೋ, ಕಲ್ಲಿನ ಮೇಲೆ ಕಲ್ಲಿಟ್ಟು ಇಲ್ಲಿಯೇ ಕಟ್ಟಿದ್ದು. ಊರಿನವರು ಎರಡನ್ನೂ ಸಮಾನ ಹೆಮ್ಮೆಯಿಂದಲೇ ನೆಂಟರಿಷ್ಟರಿಗೆ ತೋರಿಸುತ್ತಾರೆ.

ಇರಲಿ, ಹಣದ ಮಾತಿಗೆ ಬರಬೇಕು. ಸ್ವತಃ ಜೋಡಿಸಿದರೆ ಅಗ್ಗ ಎಂಬುದು ಬಹುಕಾಲದಿಂದ ಬಂದ ನಂಬಿಕೆ. ಸಾಮಾನ್ಯವಾಗಿ ನಿಜವೂ ಹೌದು. ಆದರೆ ಸರ್ವಕಾಲಕ್ಕೂ ನಿಜವಲ್ಲ. 2020ರ ಕೊನೆಯಿಂದ 2022ರವರೆಗೆ ಬಿಟ್‌ಕಾಯಿನ್ ಜಾತಿಯ ನಾಣ್ಯಗಳ ಗಣಿಗಾರಿಕೆಗೆ, ಮುಖ್ಯವಾಗಿ ಈಥೀರಿಯಮ್ಮಿಗೆ, ಗ್ರಾಫಿಕ್ಸ್ ಕಾರ್ಡುಗಳನ್ನು ರಾಶಿರಾಶಿಯಾಗಿ ಕೊಂಡವರ ದೆಸೆಯಿಂದ ಬಿಡಿ ಕಾರ್ಡಿನ ಬೆಲೆ ಗಗನಕ್ಕೇರಿತ್ತು. ಆಗ ಕಾರ್ಡು ಬೇಕಾದವರು ಇಡೀ ಸಿದ್ಧ ಯಂತ್ರವನ್ನೇ ಕೊಳ್ಳುವುದು ಲಾಭವೆಂದು ತಿಳಿದರು. 2025ರ ಉತ್ತರಾರ್ಧದಲ್ಲಿ ಅದೇ ಕಥೆ ಮೆಮೊರಿಯ ರೂಪದಲ್ಲಿ ಮರುಕಳಿಸಿತು: ಕೃತಕ ಬುದ್ಧಿಮತ್ತೆಯ ಮಹಾಗಣಕಗಳಿಗಾಗಿ ಚಿಪ್ಪುಗಳು ಹರಿದುಹೋದುದರಿಂದ ರ‍್ಯಾಮಿನ ಬೆಲೆ ಏರಿತು, ಆ ವರ್ಷದ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿಯು ಗೃಹಬಳಕೆದಾರರಿಗೆ ಮಾರುತ್ತಿದ್ದ ತನ್ನ ‘ಕ್ರೂಶಿಯಲ್’ ವ್ಯಾಪಾರವನ್ನೇ ನಿಲ್ಲಿಸುವೆನೆಂದು ಸಾರಿತು. ದೊಡ್ಡ ತಯಾರಕರು ಮುಂಚೆಯೇ ಸಂಗ್ರಹಿಸಿಟ್ಟಿದ್ದರೆ ಅವರ ಸಿದ್ಧ ಯಂತ್ರ ಕೆಲವು ತಿಂಗಳು ಅಗ್ಗವಾಗಿ ದೊರೆಯುವುದುಂಟು. ಆದುದರಿಂದ ಹೋದ ವರ್ಷ ಯಾರೋ ಗೆಳೆಯ ಉಳಿಸಿದ ಹಣದ ಲೆಕ್ಕ ಈ ವರ್ಷಕ್ಕೆ ಬಾರದು. ಕೊಳ್ಳುವ ವಾರದಲ್ಲಿಯೇ ಎರಡೂ ಪಟ್ಟಿಗಳನ್ನು ಎದುರುಬದಿರು ಇಟ್ಟು ಕೂಡಿಸಬೇಕು.

ಹಾಗೆ ಕೂಡಿಸುವಾಗ ಹುಡುಗರು ಕೆಲವು ಬಾಬುಗಳನ್ನು ಮರೆಯುವುದುಂಟು. ಮರೆವು ಯಾವಾಗಲೂ ಅವರ ಪಕ್ಷಕ್ಕೆ ಅನುಕೂಲವಾಗಿಯೇ ಇರುತ್ತದೆ! ಸಿದ್ಧ ಯಂತ್ರದ ಬೆಲೆಯಲ್ಲಿ ವಿಂಡೋಸಿನ ಪರವಾನಿಗೆ ಬಹುಮಟ್ಟಿಗೆ ಸೇರಿರುತ್ತದೆ. ಬಿಡಿಭಾಗಗಳ ಪಟ್ಟಿಯಲ್ಲಿ ಅದು ಇರುವುದಿಲ್ಲ. ಮಾನಿಟರು, ಯು.ಪಿ.ಎಸ್., ಕೀಲಿಮಣೆ, ಮೌಸು ಇವೂ ಒಂದು ಲಕ್ಷದೊಳಗೇ ಬರಬೇಕೆಂದು ತಂದೆ ತಿಳಿದಿರುತ್ತಾರೆ, ಮಗ ಪೆಟ್ಟಿಗೆಯೊಂದಕ್ಕೇ ಲಕ್ಷವೆಂದು ತಿಳಿದಿರುತ್ತಾನೆ. ಅತ್ತ ಸಿದ್ಧ ಯಂತ್ರದ ಜಾಹೀರಾತಿನಲ್ಲಿಯೂ ಮೌನಗಳಿರುತ್ತವೆ. ಪ್ರೊಸೆಸರಿನ ಹೆಸರು ದಪ್ಪಕ್ಷರದಲ್ಲಿ, ಗ್ರಾಫಿಕ್ಸ್ ಕಾರ್ಡಿನ ಹೆಸರು ಬಣ್ಣದಲ್ಲಿ. ಪವರ್ ಸಪ್ಲೈ ಯಾರು ಮಾಡಿದ್ದು, ಮದರ್‌ಬೋರ್ಡು ಯಾವುದು ಎಂಬ ವಿಷಯ ಎಲ್ಲಿಯೂ ಇರುವುದಿಲ್ಲ. ಮೆಮೊರಿಯನ್ನು ಎರಡು ಪಟ್ಟಿಗಳಾಗಿ ಹಾಕಿದರೆ ಪ್ರೊಸೆಸರು ಎರಡು ಹಾದಿಗಳಿಂದ ಓದಿಕೊಳ್ಳುತ್ತದೆ, ಆಟ ಸರಾಗವಾಗುತ್ತದೆ. ಉಳಿತಾಯಕ್ಕಾಗಿ ಒಂದೇ ಪಟ್ಟಿ ಹಾಕಿ ಮಾರುವವರಿದ್ದಾರೆ. ಕೆಲವು ದೊಡ್ಡ ತಯಾರಕರ ಪೆಟ್ಟಿಗೆಗಳಲ್ಲಿ ಮದರ್‌ಬೋರ್ಡೂ ಪವರ್ ಸಪ್ಲೈಯೂ ಅವರದೇ ವಿಶೇಷ ಆಕಾರದವು. ನಾಲ್ಕು ವರ್ಷದ ಮೇಲೆ ಒಂದು ಕೆಟ್ಟರೆ ಪೇಟೆಯ ಭಾಗ ಅದಕ್ಕೆ ಹೊಂದದು.

ಇನ್ನೊಂದು ಜಾತಿಯ ‘ಸಿದ್ಧ’ ಯಂತ್ರವಿದೆ. ಅದರ ವಿಷಯದಲ್ಲಿ ಎಚ್ಚರಿಕೆ ಹೆಚ್ಚು ಬೇಕು. ಆಫೀಸುಗಳಿಂದ ಹೊರಬಂದ ಹಳೆಯ ಗಣಕಕ್ಕೆ ಗಾಜಿನ ಪೆಟ್ಟಿಗೆ ತೊಡಿಸಿ, ಬಣ್ಣದ ದೀಪ ಹಾಕಿ, ‘ಐ-7 ಗೇಮಿಂಗ್’ ಎಂದು ಮಾರುತ್ತಾರೆ. ‘ಐ-7’ ಎಂಬುದು ಮನೆತನದ ಹೆಸರು ಮಾತ್ರ. ಎಷ್ಟನೆಯ ತಲೆಮಾರು ಎಂಬುದನ್ನು ಕೇಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು, ಒಂದೆರಡು ಅಪವಾದಗಳನ್ನು ಬಿಟ್ಟರೆ, ಇಂಟೆಲ್ಲಿನ ಎಂಟನೆಯ ತಲೆಮಾರು ಮತ್ತು ಅದರ ನಂತರದವುಗಳನ್ನು. ಮೂರನೆಯ ನಾಲ್ಕನೆಯ ತಲೆಮಾರಿನ ‘ಐ-7’ಕ್ಕೆ ದುಡ್ಡು ಸುರಿದವನು ದೀಪಗಳನ್ನು ನೋಡುತ್ತ ಕೂಡಬೇಕಾದೀತು.

ಬೆಲೆಯ ಚರ್ಚೆ ಹೀಗೆ ಒಂದು ವಾರ ನಡೆದ ಮೇಲೆ, ತಂದೆ ಕೇಳಿದ ಒಂದು ಪ್ರಶ್ನೆ ಎಲ್ಲವನ್ನೂ ತಿರುಗಿಸಿತು. ಮಗ ಫೋನಿನಲ್ಲಿ ತನ್ನ ಮೆಚ್ಚಿನ ಪೆಟ್ಟಿಗೆಯ ಚಿತ್ರ ತೋರಿಸುತ್ತಿದ್ದ: ಮುಂದೆಲ್ಲ ಗಾಜು, ಬದಿಗೂ ಗಾಜು, ಒಳಗೆ ನೀಲಿ-ಕೆಂಪು ಬೆಳಕು.

“ಗಾಳಿ ಎಲ್ಲಿಂದ ಒಳಗ ಹೋಗ್ತೈತಿ?” ಎಂದರು ತಂದೆ.

ಮಗನ ಬಳಿ ಉತ್ತರವಿರಲಿಲ್ಲ. ಇಪ್ಪತ್ತು ವರ್ಷ ದ್ರಾಕ್ಷಿ ಒಣಗಿಸಿದವರಿಗೆ ಗಾಳಿಯ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಶೆಡ್ಡನ್ನು ಗಾಳಿಗೆ ಅಡ್ಡವಾಗಿ ತೆರೆದಿಡಬೇಕು, ಒಂದು ಮಗ್ಗುಲಿನಿಂದ ಒಳಬಂದ ಗಾಳಿ ಇನ್ನೊಂದು ಮಗ್ಗುಲಿನಿಂದ ತೇವವನ್ನು ಹೊತ್ತು ಹೋಗಬೇಕು, ನಡುವೆ ಎಲ್ಲಿಯೂ ನಿಲ್ಲಬಾರದು. ನಿಂತರೆ ಹಣ್ಣು ಕೆಂಪಾಗಿ ದರ ಬೀಳುತ್ತದೆ. ಕಂಪ್ಯೂಟರಿನ ಪೆಟ್ಟಿಗೆಯೂ ಅಂಥದೊಂದು ಶೆಡ್ಡೇ. ಹೊತ್ತೊಯ್ಯಬೇಕಾದದ್ದು ತೇವವಲ್ಲ, ಕಾವು, ಅಷ್ಟೇ ವ್ಯತ್ಯಾಸ.

ಈ ಕಾವಿನ ಲೆಕ್ಕ ಬೆಂಗಳೂರಿನಲ್ಲಿ ಕೂತು ಬರೆಯುವವರಿಗೆ ಅಷ್ಟಾಗಿ ತಟ್ಟುವುದಿಲ್ಲ. ಪ್ರೊಸೆಸರಾಗಲಿ ಗ್ರಾಫಿಕ್ಸ್ ಕಾರ್ಡಾಗಲಿ ಕೋಣೆಯ ಗಾಳಿಗಿಂತ ಇಂತಿಷ್ಟು ಡಿಗ್ರಿ ಮೇಲೇರುತ್ತದೆ. ಫ್ಯಾನು ಎಷ್ಟೇ ದೊಡ್ಡದಿರಲಿ, ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಏರಿಕೆ 45 ಡಿಗ್ರಿಯೆಂದು ಹಿಡಿದರೆ, 22 ಡಿಗ್ರಿಯ ಕೋಣೆಯಲ್ಲಿ ಕಾರ್ಡು 67ಕ್ಕೆ ನಿಲ್ಲುತ್ತದೆ. ಅದೇ ಕಾರ್ಡು, ಅದೇ ಆಟ, ಮೇ ತಿಂಗಳ ವಿಜಯಪುರದಲ್ಲಿ ಹೊರಗೆ 40 ದಾಟಿ, ಸಿಮೆಂಟಿನ ಮಾಳಿಗೆ ಕಾದು, ಕೋಣೆಯೊಳಗೂ 40 ಆದಾಗ 85ಕ್ಕೆ ಹೋಗುತ್ತದೆ. ಚಿಪ್ಪುಗಳು ಸುಟ್ಟುಹೋಗದಂತೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಇಂದಿನ ಪ್ರೊಸೆಸರುಗಳಲ್ಲಿ ಅನೇಕವುಗಳಿಗೆ ಆ ಗಡಿ 95-100 ಡಿಗ್ರಿಯ ಸುಮಾರಿಗೆ. ಅಂದರೆ ಹಣ ಕೊಟ್ಟು ಕೊಂಡ ವೇಗ ನಡುಮಧ್ಯಾಹ್ನದಲ್ಲಿ ಕೈಗೆ ಸಿಗದೆ ಹೋಗಬಹುದು. ಲ್ಯಾಪ್‌ಟಾಪಿಗೆ ಈ ಸಂಕಟ ಇನ್ನೂ ಹೆಚ್ಚು. ಹಾಸ್ಟೆಲಿಗೆ ಹೊತ್ತೊಯ್ಯಬೇಕಾದವರನ್ನು ಬಿಟ್ಟರೆ ಉಳಿದವರು ಆಟಕ್ಕಾಗಿ ಅದರ ಗೊಡವೆಗೆ ಹೋಗದಿರುವುದು ಮೇಲು.

ಆದುದರಿಂದ ಗಾಜಿನ ಮುಖದ ಪೆಟ್ಟಿಗೆ ಬೇಡ, ಜಾಳಿಗೆಯ ಮುಖದ್ದು ಬೇಕು ಎಂಬ ತೀರ್ಮಾನ ತಂದೆಯದೇ ಆಯಿತು. ಮುಂದಿನಿಂದ ಎರಡು ಫ್ಯಾನು ಒಳಗೆ ಊದಬೇಕು, ಹಿಂದಿನಿಂದ ಒಂದು ಹೊರಗೆ ತಳ್ಳಬೇಕು. ಒಳಬರುವ ಗಾಳಿ ಹೊರಹೋಗುವುದಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಸಂದುಗೊಂದುಗಳಿಂದ ಧೂಳು ನುಗ್ಗುವುದಿಲ್ಲ, ಬರುವುದೆಲ್ಲ ಜಾಳಿಗೆಯ ಫಿಲ್ಟರಿನಲ್ಲಿ ಸಿಕ್ಕಿಬೀಳುತ್ತದೆ. ಎರೆಮಣ್ಣಿನ ಧೂಳು ಎಂಥದೆಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ತಿಂಗಳಿಗೊಮ್ಮೆ ಫಿಲ್ಟರು ತೊಳೆದು ಒಣಗಿಸಿ ಹಾಕಬೇಕು; ಒಳಗೆ ಬ್ಲೋವರ್ ಹಿಡಿಯುವಾಗ ಫ್ಯಾನು ಗಿರ್ರನೆ ತಿರುಗದಂತೆ ಬೆರಳಿನಿಂದ ತಡೆಹಿಡಿಯಬೇಕು. ಮನೆಯಲ್ಲಿ ನೀರಿನ ಕೂಲರು ಇದ್ದರೆ ಅದರ ಬಾಯೆದುರಿಗೆ ಯಂತ್ರವನ್ನಿಡಬಾರದು: ತಂಪಿನೊಂದಿಗೆ ತುಂತುರೂ ಸವಳೂ ಬರುತ್ತವೆ. ಸಿದ್ಧ ಯಂತ್ರ ಕೊಳ್ಳುವವರು ಇಲ್ಲಿ ಒಂದು ಮಾತು ಮುಂಚಿತವಾಗಿ ಕೇಳಬೇಕು: ಧೂಳು ತೆಗೆಯಲು ಪೆಟ್ಟಿಗೆ ಬಿಚ್ಚಿದರೆ ಗ್ಯಾರಂಟಿ ಉಳಿಯುವುದೋ ಇಲ್ಲವೋ? ತಿರುಪಿನ ಮೇಲೆ ಸೀಲು ಹಚ್ಚಿ ಕೊಡುವವರು ಉಂಟು. ವಿಜಯಪುರದಲ್ಲಿ ಬಿಚ್ಚಲಾಗದ ಯಂತ್ರವೆಂದರೆ ಒಂದೇ ವರ್ಷದಲ್ಲಿ ಮಣ್ಣಿನ ಗಡಿಗೆ.

ಗಾಳಿಯ ವಿಚಾರ ಮುಗಿಯಿತೆನ್ನುವಷ್ಟರಲ್ಲಿ ಬಬಲೇಶ್ವರದಿಂದ ಸೋದರಮಾವ ಬಂದರು. ಅವರದು ಅಲ್ಲಿ ಪಂಪ್‌ಸೆಟ್ಟಿನ ಮೋಟರು ಸುತ್ತುವ ಅಂಗಡಿ. ಕೃಷ್ಣೆಯ ನೀರು ಏತ ನೀರಾವರಿಯಿಂದ ಆ ಭಾಗಕ್ಕೆ ಬಂದ ಮೇಲೂ ಬಾವಿಗಳ ಮೋಟರು ಸುಡುವುದು ನಿಂತಿಲ್ಲ, ಅವರ ಕೈಗೆ ಕೆಲಸ ತಪ್ಪಿಲ್ಲ. ಅವರು ಪಟ್ಟಿಯನ್ನು ಓದಿ, ಎಲ್ಲ ಬಿಟ್ಟು, ಕೊನೆಯ ಸಾಲಿನಲ್ಲಿದ್ದ ಪವರ್ ಸಪ್ಲೈಯ ಮೇಲೆ ಬೆರಳಿಟ್ಟರು. ಹಣ ಸಾಲದೆಂದು ಹುಡುಗ ಅಲ್ಲಿಯೇ ಕತ್ತರಿ ಹಾಕಿದ್ದ.

“ಮೋಟರ್ ಯಾವಾಗಲೂ ತಾನಾಗಿ ಸುಡೂದಿಲ್ಲ ತಮ್ಮಾ, ಕರೆಂಟು ಸುಡ್ತೈತಿ. ಇದರಾಗ ಉಳಿಸಬ್ಯಾಡ.”

ವಿಜಯಪುರದವರಿಗೆ ಈ ಮಾತು ಊರಿನ ಹಳೆಯ ಗೋಪುರಗಳನ್ನೇ ನೆನಪಿಸಬೇಕು. ಆದಿಲಶಾಹಿಗಳ ಕಾಲದಲ್ಲಿ ತೊರವಿಯ ಕಡೆಯಿಂದಲೂ ಬೇಗಂ ತಲಾಬಿನಿಂದಲೂ ನೆಲದಡಿಯ ಕೊಳವೆಗಳಲ್ಲಿ ನೀರು ನಗರಕ್ಕೆ ಹರಿಯುತ್ತಿತ್ತು. ಆ ದಾರಿಯಲ್ಲಿ ಅಲ್ಲಲ್ಲಿ ‘ಗಂಜ್’ ಎಂಬ ಎತ್ತರದ ಗೋಪುರಗಳನ್ನು ಕಟ್ಟಿದರು. ನೀರಿನ ಒತ್ತಡ ಅಲ್ಲಿ ತಗ್ಗಿ, ಕೆಸರು ಅಲ್ಲಿ ತಂಗಿ, ಮುಂದಿನ ಕೊಳವೆ ಒಡೆಯದಂತೆ ನೀರು ಹದವಾಗಿ ಮನೆಗಳಿಗೆ ಸಾಗುತ್ತಿತ್ತು. ಪವರ್ ಸಪ್ಲೈ ಮಾಡುವುದೂ ಇದನ್ನೇ. ಗೋಡೆಯ 230 ವೋಲ್ಟಿನ ಏರಿಳಿತದ ಪ್ರವಾಹವನ್ನು ಒಳಗೆ ತೆಗೆದುಕೊಂಡು 12, 5, 3.3 ವೋಲ್ಟುಗಳ ಸಮಪ್ರವಾಹವನ್ನಾಗಿ ಇಳಿಸಿ ಕೊಡುತ್ತದೆ. ಗಂಜ್ ಕಳಪೆಯಾಗಿದ್ದರೆ ಅದು ಒಂದೇ ಬೀಳುವುದಿಲ್ಲ. ಹಿಂದಿನ ಬೆಲೆಬಾಳುವ ಭಾಗಗಳನ್ನೂ ಎಳೆದುಕೊಂಡು ಬೀಳುತ್ತದೆ.

ಒಳ್ಳೆಯದನ್ನು ಗುರುತಿಸುವ ಒಂದು ಸುಲಭ ಲೆಕ್ಕವನ್ನೂ ಮಾವ ಹೇಳಿಕೊಟ್ಟರು. ಡಬ್ಬಿಯ ಮೇಲೆ ‘500 ವಾಟ್’ ಎಂದು ದೊಡ್ಡದಾಗಿ ಬರೆದಿರಬಹುದು. ಬದಿಯ ಚೀಟಿಯಲ್ಲಿ 12 ವೋಲ್ಟಿನ ಸಾಲಿಗೆ ಎಷ್ಟು ಆಂಪಿಯರ್ ಎಂದು ನೋಡಬೇಕು. 18 ಆಂಪಿಯರ್ ಎಂದಿದ್ದರೆ 12ರಿಂದ ಗುಣಿಸಿದಾಗ 216 ವಾಟಾಯಿತು. ಪ್ರೊಸೆಸರೂ ಕಾರ್ಡೂ ಉಣ್ಣುವುದು ಬಹುಮಟ್ಟಿಗೆ ಆ ಸಾಲಿನಿಂದಲೇ. ಉಳಿದ ಅಂಕಿ ಹೆಸರಿಗೆ ಮಾತ್ರ. ‘80 ಪ್ಲಸ್’ ಎಂಬ ಮುದ್ರೆ ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಭಾಗ ವ್ಯರ್ಥವಾಗದೆ ಉಳಿಯುತ್ತದೆಂದು ಹೇಳುತ್ತದೆಯೇ ಹೊರತು ಆಯುಸ್ಸಿಗೆ ಜಾಮೀನು ಕೊಡುವುದಿಲ್ಲ. ತಯಾರಕನು ಐದು ವರ್ಷಕ್ಕೋ ಏಳು ವರ್ಷಕ್ಕೋ ಗ್ಯಾರಂಟಿ ಬರೆದುಕೊಡುತ್ತಾನೆಯೇ ಎಂಬುದು ಅದಕ್ಕಿಂತ ನಂಬಬಹುದಾದ ಲಕ್ಷಣ.

ಯು.ಪಿ.ಎಸ್. ವಿಷಯದಲ್ಲಿಯೂ ಇಂಥದೇ ಮೋಸದ ಅಂಕಿ. ‘600 ವಿ.ಎ.’ ಎಂದರೆ 600 ವಾಟ್ ಅಲ್ಲ. ಸಾಮಾನ್ಯವಾಗಿ 360ರ ಸುಮಾರು. ಆಟದ ಭರದಲ್ಲಿ ಪ್ರೊಸೆಸರು ನೂರು, ಕಾರ್ಡು ಇನ್ನೂರು, ಮಾನಿಟರು ಮೂವತ್ತು ವಾಟ್ ಎಳೆದರೆ ಅಲ್ಲಿಗೆ ಅದರ ಉಸಿರು ಮುಗಿಯಿತು. ಕರೆಂಟು ಹೋದ ಕ್ಷಣಕ್ಕೇ ಯಂತ್ರವೂ ಹೋಗುತ್ತದೆ. ಸಾವಿರ ವಿ.ಎ. ಸುಮಾರಿನದು ಬೇಕು. ಮನೆಯ ಹಳೆಯ ಇನ್ವರ್ಟರಿಗೆ ಜೋಡಿಸಿದರಾಯಿತೆಂದು ತಂದೆ ಅಂದಾಗ, ಅದರ ಮೇಲೆ ಫ್ಯಾನು ಗುಂಯ್‌ಗುಡುವುದನ್ನು ಮಾವ ನೆನಪಿಸಿದರು. ಚೌಕ ಅಲೆಯ ಇನ್ವರ್ಟರಿನ ಲಕ್ಷಣ ಅದು. ಇಂದಿನ ಪವರ್ ಸಪ್ಲೈಗಳಲ್ಲಿ ಕೆಲವಕ್ಕೆ ಅದು ಒಗ್ಗುವುದಿಲ್ಲ. ಮೂರನೆಯ ಪಿನ್ನಿಗೆ ಭೂಮಿಯ ಸಂಪರ್ಕ ನಿಜವಾಗಿ ಇದೆಯೋ, ಪ್ಲಗ್ಗಿನಲ್ಲಿ ತೂತು ಮಾತ್ರ ಇದೆಯೋ ಎಂಬುದನ್ನೂ ಅವರು ಅಂದೇ ಬಲ್ಬು ಹಚ್ಚಿ ನೋಡಿದರು. ತೂತು ಮಾತ್ರ ಇತ್ತು!

ಇಷ್ಟಾದ ಮೇಲೆ ಉಳಿದದ್ದು ಮುಖ್ಯ ಪ್ರಶ್ನೆ. ಯಂತ್ರ ಕೆಟ್ಟರೆ ಯಾರನ್ನು ಕೇಳುವುದು? ಸಿದ್ಧ ಯಂತ್ರದ ನಿಜವಾದ ಹಿರಿಮೆ ಇಲ್ಲಿದೆ: ಕೇಳಲು ಒಂದೇ ಬಾಗಿಲು. ಯಾವ ಭಾಗ ಕೆಟ್ಟಿತೆಂದು ಕಂಡುಹಿಡಿಯುವ ಹೊಣೆ ಕಂಪನಿಯದು. ಆದರೆ ಆ ಬಾಗಿಲು ಎಲ್ಲಿದೆ ಎಂಬುದನ್ನು ಹಣ ಕೊಡುವ ಮೊದಲು ತಿಳಿಯಬೇಕು. ‘ಮನೆಗೆ ಬಂದು ಸೇವೆ’ ಎಂಬ ಮಾತು ತಿಕೋಟಾದ ಪಿನ್‌ಕೋಡಿಗೂ ಅನ್ವಯಿಸುವುದೋ, ಇಲ್ಲವೆ ಪೆಟ್ಟಿಗೆಯನ್ನು ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಹೊತ್ತೊಯ್ಯಬೇಕೋ? ಬೆಂಗಳೂರೆಂದರೆ ಐನೂರು ಕಿಲೋಮೀಟರಿಗೂ ದೂರ. ಗಾಜಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿಯಿಡೀ ರೈಲಿನಲ್ಲಿ ಕೂಡುವುದು ಸುಖದ ಪ್ರಯಾಣವಲ್ಲ.

ಬಿಡಿಭಾಗಗಳಿಗೆ ಪ್ರತಿಯೊಂದಕ್ಕೂ ಬೇರೆ ಗ್ಯಾರಂಟಿ. ಕಾರ್ಡಿಗೂ ಮದರ್‌ಬೋರ್ಡಿಗೂ ಸಾಮಾನ್ಯವಾಗಿ ಮೂರು ವರ್ಷ. ಅವಧಿ ದೀರ್ಘ ನಿಜ, ಆದರೆ ದೋಷಿ ಯಾರೆಂದು ತಾವೇ ಕಂಡುಹಿಡಿದು, ಅದನ್ನೊಂದನ್ನೇ ಕಟ್ಟಿ ಕಳುಹಿಸಿ, ವಾರಗಟ್ಟಲೆ ಕಾಯಬೇಕು. ಇಲ್ಲಿ ಒಂದು ಸಣ್ಣ ಮುಂದಾಲೋಚನೆ ದೊಡ್ಡ ಉಪಕಾರ ಮಾಡುತ್ತದೆ. ಪ್ರೊಸೆಸರಿನೊಳಗೇ ಸಾಧಾರಣ ಚಿತ್ರ ಮೂಡಿಸುವ ಶಕ್ತಿ ಇರುವುದನ್ನು ಆರಿಸಬೇಕು. ಇಂಟೆಲ್ಲಿನ ಹೆಸರಿನ ಕೊನೆಗೆ ‘ಎಫ್’ ಅಕ್ಷರವಿದ್ದರೆ ಆ ಶಕ್ತಿ ಇಲ್ಲವೆಂದು ಅರ್ಥ; ಬೆಲೆ ಸ್ವಲ್ಪ ಕಡಿಮೆ. ಅಷ್ಟನ್ನು ಉಳಿಸಲು ಹೋದವನ ಕಾರ್ಡು ದುರಸ್ತಿಗೆ ಹೋದಾಗ ಯಂತ್ರವೇ ಕುರುಡಾಗುತ್ತದೆ. ಉಳಿಸದವನು ಆಟವನ್ನಷ್ಟೇ ಕಳೆದುಕೊಂಡು ಪಾಠವನ್ನು ಮುಂದುವರಿಸುತ್ತಾನೆ. ತಾಯಿಗೆ ಇಡೀ ಚರ್ಚೆಯಲ್ಲಿ ಮೊದಲ ಬಾರಿ ಸಮಾಧಾನವಾದದ್ದು ಈ ಮಾತಿನಿಂದ.

ಅವರ ಪ್ರಶ್ನೆ ಇನ್ನೂ ಹಾಗೆಯೇ ಉಳಿದಿತ್ತು. ಪಕ್ಕದ ಓಣಿಯಲ್ಲಿ ಒಬ್ಬ ಹುಡುಗ ಫೋನಿನ ಆಟದಲ್ಲಿ ರೊಕ್ಕ ಕಳೆದುಕೊಂಡ ಸುದ್ದಿ ಅವರ ಕಿವಿಯಲ್ಲಿತ್ತು; ಆಟದ ಯಂತ್ರವೆಂದರೆ ಅವರಿಗೆ ಜೂಜಿನ ಯಂತ್ರವೇ. ಹಣವೊಡ್ಡಿ ಆಡಿಸುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಯನ್ನು ಅದರಿಂದ ಬೇರ್ಪಡಿಸಿದ ಕೇಂದ್ರದ ಕಾನೂನಿಗೆ 2025ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದಿದೆಯೆಂದೂ, 2023ರಲ್ಲಿ ಹಾಂಗ್‌ಝೌ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಕ್ರೀಡೆಗೆ ಪದಕಗಳನ್ನೇ ಕೊಟ್ಟರೆಂದೂ ಮಗ ವಾದಿಸಿದ. ತಾಯಿ ಎಲ್ಲ ಕೇಳಿ, ಪದಕದ ಮಾತನ್ನು ಅಲ್ಲಿಗೇ ಬಿಟ್ಟು, ಯಂತ್ರವು ಮೇಲಿನ ಕೋಣೆಗಲ್ಲ, ಪಡಸಾಲೆಗೆ ಬರಬೇಕೆಂದರು. ಗಾಳಿಯೂ ಪಡಸಾಲೆಯಲ್ಲಿಯೇ ಹೆಚ್ಚೆಂದು ತಂದೆ ಸೇರಿಸಿದರು. ಮಗ ಆಡುವೆನೆಂದ ‘ವ್ಯಾಲರೆಂಟ್’ ಸಾಧಾರಣ ಕಾರ್ಡಿನ ಮೇಲೂ ಚೆನ್ನಾಗಿ ನಡೆಯುವ ಆಟ. ಅದು ಬಾಯಿಬಿಟ್ಟು ಹೇಳಿದ ಮೇಲೆ ಕಾರ್ಡಿನ ದರ್ಜೆ ಒಂದು ಮೆಟ್ಟಿಲು ಇಳಿಯಿತು. ಅಲ್ಲಿ ಉಳಿದ ಹಣ ಪವರ್ ಸಪ್ಲೈಗೂ ಯು.ಪಿ.ಎಸ್.ಗೂ ಸಂದಿತು.

ಸ್ವತಃ ಜೋಡಿಸುವುದು ಕಷ್ಟದ ಕೆಲಸವಲ್ಲ, ಆದರೆ ಮೊದಲ ಸಲಕ್ಕೆ ನಾಲ್ಕೈದು ತಾಸು ಹಿಡಿಯುತ್ತದೆ. ಕೆಲವು ತಪ್ಪುಗಳಿಗೆ ಪರಿಹಾರವೂ ಇಲ್ಲ. ಮದರ್‌ಬೋರ್ಡಿನ ಸಾಕೆಟ್ಟಿನಲ್ಲಿರುವ ಕೂದಲೆಳೆಯಂಥ ಪಿನ್ನುಗಳು ಬಾಗಿದರೆ ಸಾಮಾನ್ಯವಾಗಿ ಗ್ಯಾರಂಟಿ ಸಲ್ಲುವುದಿಲ್ಲ. ಬೋರ್ಡಿನ ಕೆಳಗಿನ ಹಿತ್ತಾಳೆಯ ಗುಬುಟುಗಳನ್ನು ಹಾಕದೆ ಬಿಗಿದರೆ ಅದು ತಗಡಿಗೆ ತಾಕಿ ಷಾರ್ಟಾಗುತ್ತದೆ. ಕೂಲರಿನ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಕೀಳದೆ ಕೂರಿಸಿ, ಕಾವೇಕೆ ಏರುತ್ತದೆಂದು ತಲೆ ಕೆರೆದುಕೊಂಡವರ ಸಂಖ್ಯೆ ಸಣ್ಣದಲ್ಲ. ಒಣಹವೆಯಲ್ಲಿ ಮೈಯ ಸ್ಥಿರವಿದ್ಯುತ್ತೂ ಹೆಚ್ಚು. ಟೆರಿಕಾಟ್ ಅಂಗಿ ತೊಟ್ಟು ಜಮಖಾನೆಯ ಮೇಲೆ ಕೂತು ಈ ಕೆಲಸಕ್ಕೆ ಕೈಹಾಕಬಾರದು.

ಕೊನೆಗೆ ಮನೆಯವರು ಹಿಡಿದ ದಾರಿ, ವಿಜಯಪುರದಂಥ ಊರಿನಲ್ಲಿ ಮೊದಲ ಯಂತ್ರಕ್ಕೆ ಎಲ್ಲಕ್ಕಿಂತ ವಿಹಿತವಾದದ್ದು. ಕಂಪನಿಯ ಮೊಹರು ಹಾಕಿದ ಪೆಟ್ಟಿಗೆಯನ್ನೂ ತರಲಿಲ್ಲ, ಅಂಚೆಯಲ್ಲಿ ಹತ್ತು ಕಡೆಯಿಂದ ಹತ್ತು ಭಾಗ ತರಿಸಿ ಮನೆಯಲ್ಲಿ ಹರವಿಕೊಂಡೂ ಕೂಡಲಿಲ್ಲ. ಭಾಗಗಳ ಪಟ್ಟಿ ತಮ್ಮದು, ಅಂಗಡಿ ನಗರದ್ದು. ಎಲ್ಲ ಭಾಗಗಳೂ ಎ.ಟಿ.ಎಕ್ಸ್. ಅಳತೆಯವೇ ಆಗಿರಬೇಕು, ಪ್ರತಿಯೊಂದರ ಖಾಲಿ ಡಬ್ಬಿಯೂ ತಮಗೇ ಸಲ್ಲಬೇಕು, ಬಿಲ್ಲಿನಲ್ಲಿ ಪ್ರತಿ ಭಾಗದ ಕ್ರಮಸಂಖ್ಯೆ ಬರೆಯಬೇಕು, ಕೆಟ್ಟ ಭಾಗವನ್ನು ಕಂಪನಿಗೆ ಕಳುಹಿಸುವ ಕೆಲಸವನ್ನು ಅಂಗಡಿಯೇ ಮಾಡಬೇಕು ಎಂದು ಮೊದಲೇ ಮಾತಾಯಿತು. ಒಟ್ಟು ಮೊತ್ತ ಅಂತರ್ಜಾಲದ ದರಕ್ಕಿಂತ ಕೆಲವು ಸಾವಿರ ಹೆಚ್ಚೇ ಆಯಿತು. ಆ ಹೆಚ್ಚಳಕ್ಕೆ ಸಿಕ್ಕಿದ್ದು, ತಿಕೋಟಾದಿಂದ ಒಂದು ತಾಸಿನೊಳಗೆ ಬಸ್ಸಿನಲ್ಲಿ ಹೋಗಿ ತಟ್ಟಬಹುದಾದ ಬಾಗಿಲು.

ಹುಡುಗನ ಹಟಕ್ಕೂ ಸ್ವಲ್ಪ ಮನ್ನಣೆ ದೊರೆಯಿತು. ಪ್ರೊಸೆಸರನ್ನು ಅಂಗಡಿಯ ಮೆಕ್ಯಾನಿಕ್ ಕೂರಿಸಿದ. ಮಿಕ್ಕದ್ದನ್ನು ಅವನ ಕಣ್ಣೆದುರಿಗೆ, ಕೌಂಟರಿನ ಮೇಲೆಯೇ, ಹುಡುಗ ಜೋಡಿಸಿದ. ತಂದೆ ಸ್ಟೂಲಿನ ಮೇಲೆ ಕೂತು ಫ್ಯಾನುಗಳ ದಿಕ್ಕನ್ನು ಕಾಗದದ ಚೂರು ಹಿಡಿದು ಪರೀಕ್ಷಿಸಿದರು. ಒಂದು ತಿರುವುಮುರುವಾಗಿತ್ತು, ಬಿಚ್ಚಿ ಹಾಕಿಸಿದರು. ಗುಂಡಿ ಒತ್ತಿದಾಗ ಫ್ಯಾನುಗಳೆಲ್ಲ ತಿರುಗಿದವು, ದೀಪ ಹತ್ತಿತು, ಪರದೆ ಮಾತ್ರ ಕಪ್ಪಾಗಿಯೇ ಇತ್ತು. ಹುಡುಗನ ಮುಖವೂ ಅದೇ ಬಣ್ಣಕ್ಕೆ ತಿರುಗಿತು. ಮೆಕ್ಯಾನಿಕ್ ಕಾರ್ಡನ್ನು ತೆಗೆದು ಮತ್ತೊಮ್ಮೆ, ಕಟಕ್ಕೆಂದು ಸದ್ದಾಗುವವರೆಗೆ, ಒತ್ತಿ ಕೂರಿಸಿದ, ಚಿತ್ರ ಬಂತು. ಅನಂತರ ಬಯಾಸಿನೊಳಗೆ ಹೋಗಿ ಮೆಮೊರಿಯ ವೇಗವನ್ನು ಡಬ್ಬಿಯ ಮೇಲೆ ಬರೆದ ಮಟ್ಟಕ್ಕೆ ಏರಿಸಿದ. ಹಾಗೆ ಏರಿಸದಿದ್ದರೆ ಅದು ಕೆಳಗಿನ ವೇಗದಲ್ಲಿಯೇ ತೆಪ್ಪಗೆ ನಡೆದುಕೊಂಡಿರುತ್ತದೆ, ಕೊಂಡವನಿಗೆ ವರ್ಷಗಟ್ಟಲೆ ತಿಳಿಯುವುದೇ ಇಲ್ಲ. ಅರ್ಧ ತಾಸು ಒಂದು ಭಾರೀ ಪರೀಕ್ಷೆ ಓಡಿಸಿ ಕಾವನ್ನು ಬರೆದುಕೊಂಡರು. ಹೊರಗೆ ಆ ದಿನ ರಣಬಿಸಿಲು. ಕಾರ್ಡು 81ಕ್ಕೆ ನಿಂತಿತು.

ಊರಿಗೆ ಮರಳಿದ ಮೇಲೆ ಡಬ್ಬಿಗಳು ಅಟ್ಟವನ್ನು ಸೇರಿದವು. ಬಿಲ್ಲನ್ನು ಮಗ ಮೇಜಿನ ಮೇಲೆಯೇ ಬಿಟ್ಟಿದ್ದ. ಕಾವಿನಿಂದ ಅಕ್ಷರ ಮೂಡಿಸುವ ಆ ನುಣುಪು ಕಾಗದ ಬೇಸಗೆ ಮುಗಿಯುವುದರೊಳಗೆ ಬಿಳಿಚಿಕೊಳ್ಳುತ್ತದೆಂಬುದು ತಾಯಿಗೆ ಔಷಧಿಯಂಗಡಿಯ ಚೀಟಿಗಳಿಂದ ಗೊತ್ತಿತ್ತು. ಮರುದಿನ ಸಂತೆಗೆ ಹೋದಾಗ ಅದರ ಎರಡು ಝೆರಾಕ್ಸ್ ಮಾಡಿಸಿ ತಂದು, ಒಂದನ್ನು ಹೊಲದ ಉತಾರಿಗಳ ಜೊತೆಗೆ ಟ್ರಂಕಿನಲ್ಲಿಟ್ಟು, ಇನ್ನೊಂದನ್ನು ಮಗನ ಕೈಗೆ ಕೊಟ್ಟರು.

“ಮೂರು ವರ್ಷ ಜ್ವಾಪಾನ,” ಎಂದರು.

ಸಂಜೆ ಬಬಲೇಶ್ವರದಿಂದ ಮಾವನ ಫೋನು ಬಂತು. ಯಂತ್ರದ ವಿಷಯ ಅವರು ಕೇಳಲಿಲ್ಲ. ಅರ್ಥಿಂಗಿನ ಗುಂಡಿಗೆ ನೀರು ಹಾಕಿದಿರೋ ಇಲ್ಲವೋ ಎಂದು ಕೇಳಿದರು.